ಏಳನೆಯ ಅಧ್ಯಾಯದ ತಟ್ಟೆ

ಸಿದ್ಧಾರ್ಥನಗರದ ಭಾನುಮತಿ ಯುದ್ಧವನ್ನು ಕಂಡವರಲ್ಲ. ಆದರೆ ಯುದ್ಧಕಾಲದ ಫೋನುಗಳನ್ನು ಕೇಳಿಸಿಕೊಂಡವರು. ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರದು ಮೂವತ್ತೆಂಟು ವರ್ಷದ ಸರ್ವಿಸು. ಅದರಲ್ಲಿ ಮೊದಲ ಹತ್ತು ವರ್ಷ ಟ್ರಂಕ್ ಕಾಲ್ ಬೋರ್ಡಿನ ಮುಂದೆ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕಳೆಯಿತು. ಕೊಲ್ಲಿ ಯುದ್ಧದ ಕಾಲದಲ್ಲಿ ಮಕ್ಕಳನ್ನು ಆ ಕಡೆಗೆ ಕಳುಹಿಸಿದ್ದ ತಾಯಂದಿರು ಕಾಲ್ ಬುಕ್ ಮಾಡಿ ಆರೇಳು ಗಂಟೆ ಕಾಯುತ್ತಿದ್ದರು. ಕೊನೆಗೂ ಲೈನು ಸಿಕ್ಕರೆ ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಅವರು ಕೇಳುತ್ತಿದ್ದದ್ದು, "ಊಟ ಆಯ್ತಾ? ಏನ್ ಸಾರು?" ಬಾಂಬಿನ ಮಾತಿಲ್ಲ, ಭಯದ ಮಾತಿಲ್ಲ. ಇಷ್ಟು ದೊಡ್ಡ ವಿಷಯವನ್ನು ಜನ ಇಷ್ಟು ಸಪ್ಪೆಯಾಗಿ ಮಾತಾಡಿ ಮುಗಿಸುತ್ತಾರಲ್ಲ ಎಂದು ಭಾನುಮತಿಯವರಿಗೆ ಬೇಜಾರು. ತಾವು ಎಂದಾದರೂ ಬರೆದರೆ ಯುದ್ಧವನ್ನು ಸರಿಯಾಗಿ, ಭಾವ ತುಂಬಿ ಬರೆಯಬೇಕು ಎಂದು ಆಗಲೇ ತೀರ್ಮಾನಿಸಿದ್ದರು.

ಬರೆಯಲು ಕೂತದ್ದು ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ. ನಾಲ್ಕು ವರ್ಷದಲ್ಲಿ ಐದು ಉದ್ದದ ನೋಟ್‌ಬುಕ್ಕುಗಳು ತುಂಬಿದವು. ಕಾದಂಬರಿಯ ಹೆಸರು 'ಸಿಡಿಲ ನಾಡಿನಲ್ಲಿ ಶಾಲ್ಮಲಿ'. ಮೈಸೂರಿನ ಅಗ್ರಹಾರದ ಒಂಬತ್ತು ವರ್ಷದ ಹುಡುಗಿ ಶಾಲ್ಮಲಿ, ಡಾಕ್ಟರಾದ ತಂದೆಯ ಜೊತೆ ಯುದ್ಧ ನಡೆಯುತ್ತಿರುವ ಒಂದು ದೇಶಕ್ಕೆ ಹೋಗುತ್ತಾಳೆ. ಅಲ್ಲಿಯ ಜನರ ರೀತಿನೀತಿಗಳನ್ನು ಕಂಡು ಬೆರಗಾಗುತ್ತಾಳೆ, ಅಳುತ್ತಾಳೆ, ಮತ್ತೆ ಬೆರಗಾಗುತ್ತಾಳೆ. ದೇಶಕ್ಕೆ ಹೆಸರಿಲ್ಲ. ಮರಳು ಮಾತ್ರ ಯಥೇಚ್ಛ. ಪುಟಕ್ಕೊಂದರಂತೆ ಒಂಟೆ.

"ಇನ್ನೂರ ಹತ್ತು ಪುಟ, ಇನ್ನೂರ ಹತ್ತು ಒಂಟೆ," ಎಂದು ಅವರ ಯಜಮಾನರು ವೆಂಕಟಸುಬ್ಬಯ್ಯ ಒಮ್ಮೆ ಹೇಳಿದ್ದರು. ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದ ಅವರಿಗೆ ಎಲ್ಲವನ್ನೂ ಅಳೆದು ಹೇಳುವ ಅಭ್ಯಾಸ. "ಇದಕ್ಕೆ ಯುದ್ಧಕ್ಕಿಂತ ಮೇವಿನ ಸಮಸ್ಯೆ ಜಾಸ್ತಿ ಕಣೇ."

ಭಾನುಮತಿ ಈ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಕಣ್ಣು ಬೇರೆ ಕಡೆ ಇತ್ತು. ಬಡಾವಣೆಯ ಹೆಂಗಸರ 'ಗುರುವಾರದ ಬಳಗ'ಕ್ಕೆ ಆ ವರ್ಷ ಬೆಳ್ಳಿ ಹಬ್ಬ. ಇಪ್ಪತ್ತೈದರ ನೆನಪಿಗೆ ಬಳಗದ ಸದಸ್ಯೆಯೊಬ್ಬರ ಪುಸ್ತಕವನ್ನು ಅಚ್ಚು ಹಾಕಿಸುವುದೆಂದು ನಿರ್ಧಾರವಾಗಿತ್ತು. ಒಂದೇ ಪುಸ್ತಕ. ಕಣದಲ್ಲಿ ಉಳಿದವರು ಇಬ್ಬರು. ಒಬ್ಬರು ಭಾನುಮತಿ. ಇನ್ನೊಬ್ಬರು ಮಂಗಳಮ್ಮ, ಅವರದು 'ಕಾಶಿಯಿಂದ ಕೇದಾರಕ್ಕೆ' ಎಂಬ ಯಾತ್ರೆಯ ಕಥನ. ಅದರಲ್ಲಿ ದೇವಸ್ಥಾನಗಳಿಗೆ ಸರಿಸಮನಾಗಿ, ಉತ್ತರದಲ್ಲಿ ಎಲ್ಲೆಲ್ಲಿ ಕುಡಿಯುವಂಥ ಕಾಫಿ ಸಿಗುತ್ತದೆ ಎಂಬ ವಿವರ ಇತ್ತು. ನವರಾತ್ರಿಯಲ್ಲಿ ಅಧ್ಯಕ್ಷೆ ಕಮಲ ಅವರ ಮನೆಯಲ್ಲಿ, ಗೊಂಬೆಗಳ ಮುಂದೆ ಇಬ್ಬರೂ ತಮಗೆ ಬೇಕಾದ ಒಂದೊಂದು ಅಧ್ಯಾಯ ಓದಬೇಕು. ಓದಾದ ಮೇಲೆ ಓಟಿನ ಚೀಟಿ ಹಾಕಿ ತೀರ್ಮಾನ.

ಭಾನುಮತಿಯವರಿಗೆ ತಮ್ಮ ಏಳನೆಯ ಅಧ್ಯಾಯದ ಮೇಲೆ ಪೂರ್ತಿ ಭರವಸೆ. ಆಗಸ್ಟಿನಲ್ಲಿ ಅದನ್ನೊಮ್ಮೆ ಬಳಗದಲ್ಲಿ ಓದಿದ್ದರು. ಆ ಅಧ್ಯಾಯದಲ್ಲಿ ಪರದೇಶದ ಮನೆಯೊಂದು ಶಾಲ್ಮಲಿಯನ್ನು ಊಟಕ್ಕೆ ಕರೆಯುತ್ತದೆ. ಅಲ್ಲಿ ಎಲ್ಲರಿಗೂ ಸೇರಿ ಒಂದೇ ದೊಡ್ಡ ತಟ್ಟೆ. 'ಶಾಲ್ಮಲಿಯ ಕೈ ಹಿಂಜರಿಯಲಿಲ್ಲ. ಆ ತಟ್ಟೆಯಲ್ಲಿ ಅನ್ನವಿರಲಿಲ್ಲ, ಮನುಕುಲವಿತ್ತು' ಎಂಬಲ್ಲಿಗೆ ಬಂದಾಗ ಇಪ್ಪತ್ತನಾಲ್ಕು ಸದಸ್ಯೆಯರಲ್ಲಿ ಹದಿನೇಳು ಜನ ಸೆರಗಿಗೆ ಕಣ್ಣೊರೆಸಿಕೊಂಡಿದ್ದರು. ಉಳಿದ ಏಳರಲ್ಲಿ ಇಬ್ಬರಿಗೆ ಕಣ್ಣಿನ ಆಪರೇಷನ್ ಆಗಿತ್ತು.

ಹೀಗೆ ಎಲ್ಲವೂ ಸುಸೂತ್ರವಾಗಿರುವಾಗ ಪಕ್ಕದ ಮನೆಯ ಮಹಡಿಯಿಂದ ಅರ್ವಾ ಬಂದಳು.

ಪಕ್ಕದ ಮನೆ ಕೃಷ್ಣಪ್ಪನವರದು. ಕೆಳಗೆ ಅವರ ಸಂಸಾರ, ಮೇಲೆ ಬಾಡಿಗೆ. ಮೈಸೂರು ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಬಂದಿದ್ದ ಯೆಮನ್ ದೇಶದ ಒಬ್ಬರು ಹೆಂಡತಿ ಇಲ್ಹಾಮ್, ಮಗಳು ಅರ್ವಾ ಮತ್ತು ಒಂದು ಪುಟ್ಟ ಗಂಡುಮಗುವಿನ ಜೊತೆ, ಬೇರೆ ಬಡಾವಣೆಯಲ್ಲಿ ಕೆಲವು ತಿಂಗಳಿದ್ದು, ಹಿಂದಿನ ವರ್ಷ ಅಲ್ಲಿಗೆ ಬಂದಿದ್ದರು. ಅರ್ವಾಗೆ ಒಂಬತ್ತು ವರ್ಷ. ಹುಟ್ಟಿದ್ದು ತಾಯಿಜ್ ಎಂಬ ಊರಿನಲ್ಲಿ, ಹುಟ್ಟಿದ ಮರುವರ್ಷವೇ ಅಲ್ಲಿ ಯುದ್ಧ. ಮನೆಯಲ್ಲಿ ಅರಬ್ಬಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡವನ್ನು ಮಾತ್ರ ಅವಳು ಕಲಿತದ್ದು ಕೃಷ್ಣಪ್ಪನವರ ತಾಯಿ ಪುಟ್ಟತಾಯಮ್ಮನಿಂದ. ಪುಟ್ಟತಾಯಮ್ಮ ಊರು ಬಿಟ್ಟು ಮೈಸೂರಿಗೆ ಬಂದು ಇಪ್ಪತ್ತು ವರ್ಷವಾದರೂ ಅವರ ಮಾತು ಊರಲ್ಲೇ ಇತ್ತು. ಆ ಮಾತು ಈಗ ಯೆಮನ್ ಹುಡುಗಿಯ ಬಾಯಲ್ಲಿ ಓಡಾಡುತ್ತಿತ್ತು.

"ಬಾನಜ್ಜೀ, ಒಳೀಕ್ ಬರ್ಲಾ?" ಎನ್ನುವುದು ಅವಳು ಮೊದಲ ದಿನ ಅಡಿಗೆಮನೆ ಬಾಗಿಲಲ್ಲಿ ನಿಂತು ಹೇಳಿದ ಮಾತು. ಭಾನುಮತಿಯವರಿಗೆ ಎರಡು ಏಟು ಒಟ್ಟಿಗೆ ಬಿತ್ತು. ಒಂದು, ಆ ಕನ್ನಡ. ಇನ್ನೊಂದು, ಅಜ್ಜಿ. ಅವರಿಗೆ ಆಗ ಅರವತ್ತೆರಡು, ತಲೆಗೆ ಬಣ್ಣ ಹಚ್ಚಿ ನಾಲ್ಕು ದಿನವೂ ಆಗಿರಲಿಲ್ಲ.

"ಆಂಟಿ ಅನ್ನಮ್ಮ," ಎಂದರು.

"ಪುಟ್ಟಜ್ಜಿ ಅಂಗೇ ಕರಿ ಅಂದವ್ರೆ," ಎಂದಳು ಹುಡುಗಿ. ಚರ್ಚೆ ಅಲ್ಲಿಗೆ ಮುಗಿಯಿತು.

ಅವಳ ಮೇಲೆ ಭಾನುಮತಿಯವರಿಗೆ ಆಸಕ್ತಿ ಹುಟ್ಟಿದ್ದು ಕಾದಂಬರಿಯ ಕಾರಣಕ್ಕೇ. ಯುದ್ಧದ ಮಗುವೊಂದು ಕಾಂಪೌಂಡಿನ ಆಚೆಗೇ ಬಂದು ಕೂತಿದೆ. ದಸರೆಗೆ ಮುಂಚೆ ಅರಮನೆಯ ಬಳಿ ಆನೆ ಕುದುರೆಗಳಿಗೆ ಅಭ್ಯಾಸವಾಗಲೆಂದು ಫಿರಂಗಿ ಹಾರಿಸುತ್ತಾರಲ್ಲ, ಆ ದಿನ ಮೊದಲ ಸದ್ದು ಕೇಳಿದ್ದೇ ಭಾನುಮತಿ ನೋಟ್‌ಬುಕ್ಕು ಹಿಡಿದುಕೊಂಡೇ ಪಕ್ಕದ ಮನೆಯ ಮೆಟ್ಟಿಲು ಹತ್ತಿದರು. ಮಗು ಹೆದರಿ ನಡುಗುತ್ತಿರುತ್ತದೆ, ತಬ್ಬಿಕೊಂಡು ಸಮಾಧಾನ ಹೇಳಬೇಕು, ಆಮೇಲೆ ಬರೆದುಕೊಳ್ಳಬೇಕು ಎಂಬುದು ಅವರ ಮನಸ್ಸಿನಲ್ಲಿದ್ದ ಕ್ರಮ. ಅರ್ವಾ ಮೆಟ್ಟಿಲ ಮೇಲೆ ಕೂತು ಗಣಿತದ ಹೋಮ್‌ವರ್ಕ್ ಮಾಡುತ್ತಿದ್ದಳು. ಎರಡನೆಯ ಸದ್ದಿಗೆ ಭಾನುಮತಿಯೇ ಬೆಚ್ಚಿ ಕಂಬಿ ಹಿಡಿದರು.

"ಎದರ್ಕಬ್ಯಾಡಿ ಬಾನಜ್ಜಿ," ಎಂದಳು ಅರ್ವಾ ತಲೆ ಎತ್ತದೆ. "ಇದು ಗುಂಡು ಓಗೋ ಸದ್ದು. ಬರೋದು ಬ್ಯಾರೆ ತರ ಇರ್ತದೆ." ಒಂದು ಲೆಕ್ಕ ಮುಗಿಸಿ ಆಮೇಲೆ ಕೇಳಿದಳು: "ಆನೆಗೆ ಬಯ ಆಯ್ತದಂತೆ, ಅದ್ಕೇ ಮಾಡ್ತಾರಂತೆ. ನಿಜವಾ? ಅಷ್ಟ್ ದೊಡ್ಡದಕ್ಕೆ?"

ಭಾನುಮತಿ ನೋಟ್‌ಬುಕ್ಕಿನಲ್ಲಿ ಏನೂ ಬರೆದುಕೊಳ್ಳದೆ ಇಳಿದು ಬಂದರು.

ಅಲ್ಲಿಂದ ಮುಂದೆ ಸಂಜೆ ಹೊತ್ತು ಅರ್ವಾ ಇವರ ಜಗಲಿಗೆ ಬರುವುದು, ಭಾನುಮತಿ ಬರೆದದ್ದನ್ನು ಓದಿ ಹೇಳುವುದು ರೂಢಿಯಾಯಿತು. ಹೊಗಳಿಕೆ ಕೇಳಿ ಅಭ್ಯಾಸವಾಗಿದ್ದ ಲೇಖಕಿಗೆ ಇದೊಂದು ಹೊಸ ಅನುಭವ. ಒಂಟೆಯ ವಿಷಯ ಮೊದಲ ದಿನವೇ ಬಿತ್ತು.

"ಒಂಟೆ ನಾನು ಮೊದ್ಲು ನೋಡಿದ್ದು ಇಲ್ಲೇ, ದಸರಾ ಎಕ್ಸಿಬಿಸನ್‌ನಾಗೆ," ಎಂದಳು ಅರ್ವಾ. "ನಮ್ಮೂರು ಬೆಟ್ಟ. ಚಳಿ ಆಯ್ತದೆ. ಕಾಪಿ ಬೆಳೀತಾರೆ."

ಒಳಗಿನಿಂದ ವೆಂಕಟಸುಬ್ಬಯ್ಯ ಕೆಮ್ಮಿದರು. ಅದು ಕೆಮ್ಮಲ್ಲವೆಂದು ಹೆಂಡತಿಗೆ ಗೊತ್ತಿತ್ತು.

"ಯುದ್ಧದಲ್ಲಿ ನಿನಗೆ ಏನು ನೆನಪಿದೆ, ಪುಟ್ಟಾ?" ಎಂದು ಭಾನುಮತಿ ದನಿ ತಗ್ಗಿಸಿ ಕೇಳಿದರು.

ಅರ್ವಾ ಯೋಚಿಸಿದಳು. "ಸ್ಕೂಲಿಗೆ ರಜ ಕೊಡೋರು. ನೀರಿಗೆ ಕ್ಯೂ. ನಮ್ಮ ಚಿಕ್ಕಮ್ಮನ್ ಮದ್ವೇಲಿ ಕರೆಂಟ್ ಇರ್ನಿಲ್ಲ, ಕಾರ್ ಬ್ಯಾಟ್ರಿಗೆ ಬಲ್ಬ್ ಆಕಿದ್ರು. ಆ ಕಾರ್ನಾಗೇ ಗಂಡು ಬರ್ಬೇಕಿತ್ತು. ಬರಾಕೇ ಆಗ್ನಿಲ್ಲ." ಅವಳು ನಕ್ಕಳು. ಭಾನುಮತಿ ಅಳುವ ಸಿದ್ಧತೆಯಲ್ಲಿದ್ದವರು ಅಲ್ಲೇ ನಿಂತರು.

ಏಳನೆಯ ಅಧ್ಯಾಯವನ್ನು ಅವರು ಒಂದು ಬುಧವಾರ ಓದಿದರು. ದನಿಯನ್ನು ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ, ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸಿ. ಮನುಕುಲದ ಸಾಲು ಮುಗಿದ ಮೇಲೆ ಅರ್ವಾ ಕೇಳಿದಳು:

"ಅನ್ನ ಇಲ್ದಿದ್ರೆ ಏನ್ ತಿಂದ್ರು?"

ಆದರೆ ತಟ್ಟೆಯ ವಿಷಯ ಅವಳಿಗೆ ಹಿಡಿಸಿತ್ತು. ತಮ್ಮ ಮನೆಯಲ್ಲಿ ಇವತ್ತಿಗೂ ಹಾಗೇ ಊಟ ಮಾಡುವುದೆಂದೂ, ಪಕ್ಕದ ಮನೆಯ ಅಜ್ಜಿ ಅದು ಪ್ರಪಂಚದಲ್ಲೇ ಒಳ್ಳೆಯ ಪದ್ಧತಿ ಎಂದು ಪುಸ್ತಕದಲ್ಲಿ ಬರೆದಿದ್ದಾರೆಂದೂ ಮೇಲೆ ಹೋಗಿ ತಾಯಿಗೆ ಹೇಳಿದಳು. ಇಲ್ಹಾಮ್ ಮೈಸೂರಿಗೆ ಬಂದು ಎರಡು ವರ್ಷವಾಗಿತ್ತು. ಬೀದಿಯವರು ನಗುತ್ತಿದ್ದರು, ಕೈ ಬೀಸುತ್ತಿದ್ದರು, ಸ್ಟೀಲ್ ಡಬ್ಬಿಯಲ್ಲಿ ತಿಂಡಿ ಕಳಿಸುತ್ತಿದ್ದರು. ಜೊತೆಗೆ ಕೂತು ಯಾರೂ ಉಂಡಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬರಬೇಕೆಂದು ಕರೆ ಬಂತು. ಮಾಂಸವಿಲ್ಲ, ಮೊಟ್ಟೆಯಿಲ್ಲ, ಪಾತ್ರೆ ಕೂಡ ಹೊಸದು ಎಂದು ಅರ್ವಾ ಬೆರಳು ಮಡಚಿ ಹೇಳಿದಳು.

ವೆಂಕಟಸುಬ್ಬಯ್ಯ ಪೇಪರಿನ ಮೇಲಿಂದ ನೋಡಿ, "ಹೋಗ್ಬಾ ಭಾನೂ. ಮನುಕುಲ ಕಾಯ್ತಿದೆ," ಎಂದರು.

ಇಲ್ಲಿ ಭಾನುಮತಿಯವರ ಮನೆಯ ಪದ್ಧತಿ ಸ್ವಲ್ಪ ಹೇಳಬೇಕು. ಅವರು ಮಡಿ ಮೈಲಿಗೆಯವರಲ್ಲ. ಎಕ್ಸ್‌ಚೇಂಜಿನ ಕ್ಯಾಂಟೀನಿನಲ್ಲಿ ಎಲ್ಲರ ಪಕ್ಕ ಕೂತು ತಿಂದವರು. ಯಾರ ಕೈಯಡಿಗೆಯಾದರೂ ಆದೀತು. ಆದರೆ ಎಂಜಲು ಮಾತ್ರ ಆಗದು. ಅವರ ತಾಯಿ ಲೋಟ ತುಟಿಗೆ ತಾಗಿಸಿ ನೀರು ಕುಡಿದದ್ದನ್ನು ಯಾರೂ ಕಂಡಿಲ್ಲ. ಇವರ ಮನೆಯಲ್ಲೂ ಹುಳಿ ಬಡಿಸುವ ಸೌಟು ಉಣ್ಣುವವರ ತಟ್ಟೆಗೆ ತಾಗಿದರೆ ಸೌಟು ನೇರ ಸಿಂಕಿಗೆ. ಮದುವೆಯಾಗಿ ಮೂವತ್ತೇಳು ವರ್ಷದಲ್ಲಿ ಗಂಡನ ತಟ್ಟೆಯಿಂದ ಒಂದು ಹಪ್ಪಳದ ಚೂರನ್ನೂ ಎತ್ತಿದವರಲ್ಲ. ಇದರ ಬಗ್ಗೆ ಅವರು ಯೋಚಿಸಿಯೂ ಇರಲಿಲ್ಲ, ಏಕೆಂದರೆ ಯೋಚಿಸುವಂಥದ್ದು ಇದರಲ್ಲಿ ಏನೂ ಇರಲಿಲ್ಲ. ಏಳನೆಯ ಅಧ್ಯಾಯ ಬರೆಯುವಾಗಲೂ ಅವರಿಗೆ ಇದು ಹೊಳೆದಿರಲಿಲ್ಲ. ತಟ್ಟೆ ಶಾಲ್ಮಲಿಯದು, ಎಂಜಲು ತಮ್ಮದು.

ಶುಕ್ರವಾರ ಮಹಡಿಯ ಹಜಾರದಲ್ಲಿ ನೆಲದ ಮೇಲೆ ಹಾಸು ಹಾಕಿತ್ತು. ಅರ್ವಾಳ ತಂದೆ ಪ್ರಾರ್ಥನೆ ಮುಗಿಸಿ ಗೆಳೆಯರ ಮನೆಗೆ ಹೋಗಿದ್ದರು. ಇಲ್ಹಾಮ್, ಅರ್ವಾ, ಪುಟ್ಟ ಯಾಸಿನ್, ಭಾನುಮತಿ, ನಾಲ್ಕು ಜನ ಸುತ್ತ ಕೂತರು. ನಡುವೆ ತಟ್ಟೆ ಬಂತು. ಬಂಡಿಯ ಚಕ್ರದಷ್ಟು ಅಗಲ. ದ್ರಾಕ್ಷಿ ಹಾಕಿದ ಅನ್ನ, ಹುರಿದ ಈರುಳ್ಳಿ, ಇಡಿಯಾಗಿ ಬೇಯಿಸಿದ ಆಲೂಗಡ್ಡೆ, ನಡುವೆ ಮೆಂತ್ಯದ ನೊರೆ ಹೊದ್ದ ಗೊಜ್ಜಿನಂಥ ಒಂದು ಬಟ್ಟಲು. ಹೊಸ ತಟ್ಟೆ ಎಂಬುದಕ್ಕೆ ಸಾಕ್ಷಿಯಾಗಿ ಅಂಗಡಿಯ ಚೀಟಿ ಅಂಚಿಗೆ ಇನ್ನೂ ಅಂಟಿಕೊಂಡಿತ್ತು. ಘಮಘಮ ಎನ್ನುತ್ತಿತ್ತು. ಭಾನುಮತಿ ಬೆಳಿಗ್ಗೆಯಿಂದ ಒಂದು ಲೋಟ ಕಾಫಿಯ ಮೇಲೆ ಇದ್ದವರು.

ಮೂರು ಬಲಗೈಗಳು ಅನ್ನದ ಕಡೆ ಹೋದವು. ಯಾಸಿನ್ ತನ್ನದನ್ನು ಆಗಷ್ಟೇ ಬಾಯಿಂದ ತೆಗೆದಿದ್ದ. ನಾಲ್ಕನೆಯ ಬಲಗೈ ಭಾನುಮತಿಯವರ ಮಡಿಲಲ್ಲೇ ಇತ್ತು. ಅದನ್ನು ಎತ್ತಬೇಕೆಂದು ಅವರು ನಿಜವಾಗಿಯೂ ಪ್ರಯತ್ನಿಸಿದರು. ತಾವೇ ಬರೆದ ಸಾಲನ್ನು ನೆನಪಿಸಿಕೊಂಡರು. ಕೈ ಹಿಂಜರಿಯಿತು.

"ಅಯ್ಯೋ, ಮರೆತೇಬಿಟ್ಟಿದ್ದೆ ಕಣಮ್ಮ," ಎಂದು ಅವರ ಬಾಯಿ ಹೇಳಿತು. "ಇವತ್ತು ನಾನು ಉಪವಾಸ."

ಅರ್ವಾ ಅದನ್ನು ಅರಬ್ಬಿಗೆ ದಾಟಿಸಿದಳು. ಮೂರೂ ಕೈಗಳು ತಟ್ಟೆಯಿಂದ ಹಿಂದೆ ಸರಿದವು. ಇಲ್ಹಾಮ್ ಗಾಬರಿಯಾಗಿ ಎದೆಯ ಮೇಲೆ ಕೈಯಿಟ್ಟು ಏನೇನೋ ಹೇಳಿ, ತಟ್ಟೆಯ ಮೇಲೆ ಬಟ್ಟೆ ಮುಚ್ಚಿದಳು. ಉಪವಾಸ ಇರುವವರ ಮುಂದೆ ಉಣ್ಣುವುದು ಹೇಗೆ? ನೀವು ಉಣ್ಣಿ, ಉಣ್ಣಿ ಎಂದು ಭಾನುಮತಿ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಎದ್ದು ಹೋಗಲು ಇವರಿಗೆ ದಾಕ್ಷಿಣ್ಯ, ಎದ್ದು ಹೋಗಿ ಎನ್ನಲು ಅವರಿಗೆ ಸಂಕೋಚ. ಬಟ್ಟೆ ಮುಚ್ಚಿದ ಊಟದ ಸುತ್ತ ನಾಲ್ಕು ಜನ ಹಸಿದುಕೊಂಡು ನಲವತ್ತು ನಿಮಿಷ ಕೂತರು. ಯಾಸಿನ್ ಎರಡು ಸಲ ಬಟ್ಟೆಯಡಿ ಕೈ ಹಾಕಿ ಎರಡು ಸಲವೂ ಸಿಕ್ಕಿಬಿದ್ದ.

ನಾಲ್ಕು ಗಂಟೆಗೆ ಭಾನುಮತಿ ತಮ್ಮ ಅಡಿಗೆಮನೆಯಲ್ಲಿ ನಿಂತುಕೊಂಡೇ ಉಪ್ಪಿಟ್ಟು ತಿನ್ನುತ್ತಿದ್ದರು. ಎರಡನೆಯ ಸಲ ಹಾಕಿಕೊಂಡಿದ್ದರು. ಬಾಗಿಲಲ್ಲಿ ಅರ್ವಾ. ಕೈಯಲ್ಲಿ ಮುಚ್ಚಿದ ಬಟ್ಟಲು, ಅದರ ಮೇಲೆ ಮೂರು ಖರ್ಜೂರ. ಸೂರ್ಯ ಮುಳುಗಿದ ಮೇಲೆ ಉಪವಾಸ ಬಿಡಲಿ ಎಂದು ತಾಯಿ ಕಳಿಸಿದ್ದು.

"ಬಾನಜ್ಜೀ!" ಎಂದು ಅವಳು ಕೂಗಿದ ರೀತಿಗೆ ವೆಂಕಟಸುಬ್ಬಯ್ಯ ಹಜಾರದಿಂದ ಎದ್ದು ಬಂದರು. "ಸೂರ್ಯ ಇನ್ನೂ ಅವ್ನೇ!"

"ಇದು... ಫಲಾಹಾರ ಕಣಮ್ಮ," ಎಂದರು ಭಾನುಮತಿ.

"ಪಲ ಅಂದ್ರೆ ಅಣ್ಣು. ಸ್ಕೂಲ್ನಾಗೆ ಏಳ್ಕೊಟ್ಟವ್ರೆ. ಇದು ಉಪ್ಪಿಟ್ಟು."

ನಮ್ಮ ಕಡೆಯ ಉಪವಾಸ ಎಂದರೆ ಅನ್ನ ತಿನ್ನದಿರುವುದು, ರವೆ ತಿನ್ನಬಹುದು ಎಂದು ಭಾನುಮತಿ ವಿವರಿಸಬೇಕಾಯಿತು. ಅವಲಕ್ಕಿ? ತಿನ್ನಬಹುದು. ಅದು ಅಕ್ಕಿಯದ್ದೇ ಅಲ್ಲವಾ? ಹೌದು, ಆದರೂ ತಿನ್ನಬಹುದು. ಸಬ್ಬಕ್ಕಿ? ಹ್ಞೂಂ. ಪಾಯಸ? ಹೆಸರುಬೇಳೆದಾದರೆ. ನೀರು? ನೀರಿಗೇನು, ಕಾಫಿ ಕೂಡ.

"ಕಾಪೀನೂವಾ?" ಅರ್ವಾ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಎರಡೂ ಕೈ ತಲೆಯ ಮೇಲೆ ಹೊತ್ತಳು. "ನಮ್ದು ರಂಜಾನ್‌ನಾಗೆ ನೀರೂ ಇಲ್ಲ ಬಾನಜ್ಜಿ! ನಾವು ನಿಮ್ಮ ಜಾತಿ ಉಪ್ವಾಸ ಇರ್ಬೇಕಿತ್ತು." ಆಮೇಲೆ ಅವಳ ಮುಖ ನಿಧಾನವಾಗಿ ಬದಲಾಯಿತು. ಯೋಚನೆ ಒಂದೊಂದೇ ಮೆಟ್ಟಿಲು ಇಳಿಯುತ್ತಿರುವುದು ಕಾಣುತ್ತಿತ್ತು. "ಅಂಗಾದ್ರೆ ಆಲೂಗೆಡ್ಡೆ ತಿನ್ಬೌದಿತ್ತಲ್ವಾ?"

ಭಾನುಮತಿ ಉಪ್ಪಿಟ್ಟಿನ ತಟ್ಟೆಯನ್ನು ಬೆನ್ನ ಹಿಂದೆ ಸರಿಸಿದರು.

"ನಮ್ಮ ತಟ್ಟೆ ಕಂಡ್ರೆ ಅಸಯ್ಯ ಆಯ್ತಾ?"

ಇನ್ನೊಂದು ಸುಳ್ಳು ಹೇಳುವುದು ಸುಲಭವಿತ್ತು. ಹೊಟ್ಟೆನೋವು, ಡಾಕ್ಟರು, ಯಾವುದಾದರೂ ಒಂದು. ಆದರೆ ಗಂಡ ಬಾಗಿಲಲ್ಲಿ ನಿಂತು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಭಾನುಮತಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ನಿಜ ಹೇಳಿದರು. ಎಂಜಲು ಎಂದರೇನು, ಸೌಟು ಏಕೆ ಸಿಂಕಿಗೆ ಹೋಗುತ್ತದೆ, ನೀರನ್ನು ಹೇಗೆ ಎತ್ತಿ ಕುಡಿಯಬೇಕು, ಎಲ್ಲವನ್ನೂ. "ಇವರ ತಟ್ಟೆಯಿಂದಲೂ ನಾನು ತಿನ್ನಲ್ಲ ಕಣಮ್ಮ. ನಿಮ್ಮದು ಅಂತಲ್ಲ."

"ಅದು ಪರಮಸತ್ಯ," ಎಂದರು ವೆಂಕಟಸುಬ್ಬಯ್ಯ. "ನಾನು ಸಾಕ್ಷಿ."

ಅರ್ವಾ ಅಳಬಹುದೆಂದು ಭಾನುಮತಿ ಅಂದುಕೊಂಡಿದ್ದರು. ಅವಳು ಒಂದು ಖರ್ಜೂರ ಎತ್ತಿ ಬಾಯಿಗೆ ಹಾಕಿಕೊಂಡಳು. "ನಾನೂ ಅಂಗೇ ಮಾಡ್ದೆ," ಎಂದಳು. "ಪುಟ್ಟಜ್ಜಿ ಅಬ್ಬದ್ ದಿನ ಬಾಗ್ಲಿಗೆ ಸಗಣಿ ಸಾರುಸ್ತಾರಲ್ಲ. ದನದ್ ಕಕ್ಕ! ಮೊದ್ಲು ನೋಡಿ ನಾನು ಆ ಬಾಗ್ಲು ತುಳೀನೇ ಇಲ್ಲ, ಕಾಂಪೌಂಡ್ ಎಗುರ್ತಿದ್ದೆ. ಕಾಲ್ ನೋವು ಅಂತ ಸುಳ್ ಏಳ್ಬುಟ್ಟೆ ಅವ್ರಿಗೆ. ಕಾಲ್ ನೋವಿರೋಳು ಕಾಂಪೌಂಡ್ ಎಂಗೆ ಎಗುರ್ತೀಯೇ ಅಂತ ಬೈದ್ರು." ಖರ್ಜೂರದ ಬೀಜ ಅಂಗೈಗೆ ಉಗಿದು ಅವಳು ಬಾಗಿಲ ಕಡೆ ಹೊರಟಳು. "ಅಮ್ಮಂಗೆ ಏಳಲ್ಲ ಬುಡಿ. ಆದ್ರೆ ನಿಮ್ಮ ಶಾಲ್ಮಲಿ ಸುಳ್ಳಿ ಕಣ್ರೀ. ಮೈಸೂರ್ ಉಡ್ಗಿ ಅಂತೀರ, ಒಂದೇ ಸಲ್ಕೇ ಎಂಗ್ ಕೈ ಆಕ್ಬುಟ್ಳು?"

ಆ ನಾಲ್ಕು ವರ್ಷದಲ್ಲಿ ಲೇಖಕಿಗೆ ನಾಟಿದ ಏಕೈಕ ವಿಮರ್ಶೆ ಅದು. ಭಾನುಮತಿ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಹೊಸ ನೋಟ್‌ಬುಕ್ಕು ತೆರೆದರು. ಈ ಸಲ ಶಾಲ್ಮಲಿಯ ಕೈ ಹಿಂಜರಿಯಿತು. ಅವಳು ಉಪವಾಸ ಎಂದಳು. ಆ ಮನೆಯವರು ತಟ್ಟೆ ಮುಚ್ಚಿದರು. ಹೊರಗೆ ದೂರದಲ್ಲಿ ಗುಂಡಿನ ಸದ್ದು ಕೇಳುತ್ತಿರುವಾಗ ಒಳಗೆ ಆರು ಜನ ಒಬ್ಬ ಹುಡುಗಿಯ ಸುಳ್ಳಿನ ಸುತ್ತ ಹಸಿದು ಕೂತರು. ಶಾಲ್ಮಲಿ ಲಂಗದ ಜೇಬಿನಲ್ಲಿ ಬಚ್ಚಿಟ್ಟ ಹುರಿಗಡಲೆಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುವಾಗ ಆ ಮನೆಯ ಪುಟ್ಟ ಹುಡುಗನ ಕೈಗೆ ಸಿಕ್ಕಿಬಿದ್ದಳು. ಬರೆಯುವಾಗ ಭಾನುಮತಿಯವರಿಗೇ ಎರಡು ಮೂರು ಕಡೆ ನಗು ಬಂತು. ಮೊದಲು ಯಾವತ್ತೂ ಬಂದಿರಲಿಲ್ಲ. ಒಂಟೆಗೂ ಜಾಗ ಸಿಗಲಿಲ್ಲ.

ಬರೆದಾದ ಮೇಲೆ ಹೆದರಿಕೆ ಶುರುವಾಯಿತು. ಗಂಡನಿಗೆ ಓದಿ ತೋರಿಸಿದರು.

"ಇದು ಚೆನ್ನಾಗಿದೆ," ಎಂದರು ವೆಂಕಟಸುಬ್ಬಯ್ಯ, ಅಪರೂಪಕ್ಕೆ ಗಂಭೀರವಾಗಿ. "ಆದರೆ ಭಾನೂ, ಗುರುವಾರದವರು ಅತ್ತರೆ ಓಟು. ಇದಕ್ಕೆ ಯಾರೂ ಅಳಲ್ಲ."

"ಹಾಗಾದ್ರೆ ಹಳೇದೇ ಓದ್ಲಾ?"

"ಪುಸ್ತಕ ಬೇಕೋ, ಬೇಡ್ವೋ? ಅದನ್ನ ನೀನು ಹೇಳ್ಬೇಕು."

ಭಾನುಮತಿಯವರಿಗೆ ಪುಸ್ತಕ ಬೇಕಿತ್ತು. ಮೂವತ್ತೆಂಟು ವರ್ಷ ಬೇರೆಯವರ ಮಾತಿಗೆ ಲೈನು ಕೊಟ್ಟವರಿಗೆ ತಮ್ಮ ಹೆಸರು ರಟ್ಟಿನ ಮೇಲೆ ಒಂದು ಸಲ ಅಚ್ಚಾಗಿ ನೋಡುವ ಆಸೆ ಇರಬಾರದೇ? ನವರಾತ್ರಿಯ ಆ ಗುರುವಾರ ಎರಡೂ ನೋಟ್‌ಬುಕ್ಕುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಹೋಗುವ ಹೊತ್ತಿಗೆ ಹಳೆಯದನ್ನೇ ಓದುವುದೆಂದು ಮನಸ್ಸು ಗಟ್ಟಿಯಾಗಿತ್ತು.

ಕಮಲ ಅವರ ಹಜಾರದಲ್ಲಿ ಒಂಬತ್ತು ಮೆಟ್ಟಿಲ ಗೊಂಬೆ. ಎದುರಿಗೆ ಜಮಖಾನದ ಮೇಲೆ ಇಪ್ಪತ್ತನಾಲ್ಕು ಹೆಂಗಸರು. ಮುಂದಿನ ಸಾಲಿನಲ್ಲಿ, ಭಾನುಮತಿ ನಿರೀಕ್ಷಿಸದಿದ್ದ ಇಬ್ಬರು: ಇಲ್ಹಾಮ್ ಮತ್ತು ಅರ್ವಾ. ಬೀದಿಯ ಎಲ್ಲರ ಮನೆಗೂ ಹೋಗಿ ಗೊಂಬೆ ನೋಡಲು ಕರೆದಿದ್ದ ಕಮಲ ಈ ತಾಯಿ ಮಗಳನ್ನೂ ಕರೆದಿದ್ದರು. ಅರ್ವಾ ದೊನ್ನೆಯಲ್ಲಿ ಕೋಸಂಬರಿ ತಿನ್ನುತ್ತ, ನಡೆಯುವುದನ್ನೆಲ್ಲ ತಾಯಿಯ ಕಿವಿಯಲ್ಲಿ ಅರಬ್ಬಿಯಲ್ಲಿ ಹೇಳುತ್ತಿದ್ದಳು.

ಮಂಗಳಮ್ಮ ಮೊದಲು ಓದಿದರು. ಹರಿದ್ವಾರದಲ್ಲಿ ಅವರ ಚಪ್ಪಲಿ ಕಳೆದುಹೋದ ಪ್ರಸಂಗ. ಒಳ್ಳೆಯ ಚಪ್ಪಾಳೆ ಬಿತ್ತು.

ಭಾನುಮತಿ ಎದ್ದು ಹಳೆಯ ನೋಟ್‌ಬುಕ್ಕು ತೆಗೆದರು. ಏಳನೆಯ ಅಧ್ಯಾಯ ಎಂದಾಕ್ಷಣ ಹೆಂಗಸರು ಸೆರಗು ಹುಡುಕಿಕೊಂಡರು. ಅರ್ವಾ ತಿನ್ನುವುದನ್ನು ನಿಲ್ಲಿಸಿ ಇವರನ್ನೇ ನೋಡಿದಳು. 'ಶಾಲ್ಮಲಿಯ ಕೈ ಹಿಂಜರಿಯಲಿಲ್ಲ' ಎಂದು ತಾವು ಓದಿದರೆ, ಆ ಮಗು ಅದನ್ನು ತಾಯಿಯ ಕಿವಿಗೆ ಹೇಳಬೇಕು. ಸುಳ್ಳೆಂದು ಗೊತ್ತಿದ್ದೂ ಹೇಳಬೇಕು. ಹೊಸದನ್ನು ಓದಿದರೆ ಇಲ್ಹಾಮ್ ಮುಂದೆ ಉಪವಾಸದ ಬಣ್ಣ ಬಯಲಾಗುತ್ತದೆ, ಪುಸ್ತಕವೂ ಕೈತಪ್ಪುತ್ತದೆ. ಭಾನುಮತಿ ಕನ್ನಡಕ ಒರೆಸಿದರು. ಇನ್ನೊಮ್ಮೆ ಒರೆಸಿದರು.

"ಏನ್ರೀ, ಇಂಕು ಅಳಿಸಿಹೋಗಿದ್ಯಾ?" ಎಂದರು ಹಿಂದಿನಿಂದ ಯಾರೋ.

ಅವರು ಆ ನೋಟ್‌ಬುಕ್ಕು ಚೀಲಕ್ಕೆ ಹಾಕಿ ಇನ್ನೊಂದನ್ನು ತೆಗೆದರು.

ಮೊದಲ ಐದು ನಿಮಿಷ ಅಳು ಈಗ ಬರುತ್ತದೆ, ಆಗ ಬರುತ್ತದೆ ಎಂದು ಎಲ್ಲರೂ ಕಾದರು. ಹುರಿಗಡಲೆಯ ಜಾಗದಲ್ಲಿ ಮೂಲೆಯಿಂದ ಒಂದು ನಗು ತಪ್ಪಿಸಿಕೊಂಡು ಬಂತು. "ಅಯ್ಯೋ, ನಮ್ಮತ್ತೇನೂ ಹಿಂಗೇ ಕಣ್ರೀ, ರೈಲಿನಲ್ಲಿ ನೀರು ಎತ್ತಿ ಕುಡಿಯಕ್ಕೆ ಹೋಗಿ ಮೇಲಿನ ಬರ್ತಿನವರಿಗೆ ಸ್ನಾನ ಮಾಡ್ಸಿದ್ರು!" ಎಂದು ಒಬ್ಬರು. "ಚಮಚ ಎಂಜಲಾದ್ರೆ ಉಪ್ಪಿನಕಾಯಿ ಜಾಡಿ ಎಂಜಲಾ?" ಎಂದು ಇನ್ನೊಬ್ಬರು. ಓದು ಮುಗಿಯುವ ಮೊದಲೇ ಸಭೆ ಎರಡು ಪಕ್ಷವಾಗಿ, ಉಪ್ಪಿನಕಾಯಿ ಜಾಡಿಯ ವಿಷಯ ನಿರ್ಣಯವಾಗದೆ ಉಳಿಯಿತು.

ಕಮಲ ಕೈ ತಟ್ಟಿ ಸದ್ದು ನಿಲ್ಲಿಸಿದರು. "ಚೆನ್ನಾಗಿದೆ ಭಾನುಮತಿ. ಆದರೆ ಯುದ್ಧ ಎಲ್ಲಿ?"

"ಹೊರಗೆ ನಡೀತಿದೆಯಲ್ಲಾ," ಎಂದರು ಭಾನುಮತಿ.

"ಹೊರಗೇ ಇದ್ರೆ ನಮಗೆ ಹೆಂಗ್ರೀ ಕಾಣ್ಬೇಕು? ಹೋದ ಸಲ ನಾನು ಎರಡು ದಿನ ಅತ್ತಿದ್ದೆ," ಎಂದರು ಮಂಗಳಮ್ಮ, ನಿಜವಾದ ದುಃಖದಿಂದ.

ಭಾನುಮತಿಯವರ ಕಣ್ಣು ಮುಂದಿನ ಸಾಲಿನಲ್ಲಿತ್ತು. ಅರ್ವಾ ಕೊನೆಯ ವಾಕ್ಯವನ್ನು ದಾಟಿಸಿ ಮುಗಿಸಿದಳು. ಇಲ್ಹಾಮ್ ಸ್ವಲ್ಪ ಹೊತ್ತು ಜಮಖಾನ ನೋಡಿದಳು. ಅವಳ ಕಿವಿ ಕೆಂಪಾಗಿತ್ತು. ಆಮೇಲೆ ಬಾಯಿಗೆ ಓಢನಿ ಒತ್ತಿಕೊಂಡಳು, ಭುಜ ಕುಲುಕಿತು. ಅಳುತ್ತಿದ್ದಾಳೆ ಎಂದುಕೊಂಡು ಭಾನುಮತಿ ಒಂದು ಹೆಜ್ಜೆ ಮುಂದಿಟ್ಟರು. ಓಢನಿ ಸರಿದಾಗ ಅವಳು ನಗುತ್ತಿದ್ದಳು. ಮಗಳ ಕಡೆ ಬಾಗಿ ಏನೋ ಹೇಳಿದಳು.

"ಬಾನಜ್ಜೀ," ಅರ್ವಾ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಕೂಗಿದಳು. "ನಾಳೀಕ್ ಶುಕ್ರವಾರ ಉಪ್ವಾಸ ಅದಾ ಅಂತ ಕೇಳ್ತಾವ್ಳೆ ನಮ್ಮಮ್ಮ!"

ಚೀಟಿ ಎಣಿಸಿದರು. ಮಂಗಳಮ್ಮನವರಿಗೆ ಹದಿಮೂರು, ಭಾನುಮತಿಯವರಿಗೆ ಹನ್ನೊಂದು. ಬೆಳ್ಳಿ ಹಬ್ಬದ ಪುಸ್ತಕ 'ಕಾಶಿಯಿಂದ ಕೇದಾರಕ್ಕೆ'. ಭಾನುಮತಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು, ಮನೆಗೆ ಬಂದು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಹತ್ತು ನಿಮಿಷ ಅತ್ತರು. ವೆಂಕಟಸುಬ್ಬಯ್ಯ ನೀರು ಪೋಲಾಗುತ್ತಿದೆ ಎನ್ನಲಿಲ್ಲ. ತಾವೇ ಕಾಫಿ ಮಾಡಿ ತಂದರು. ಚೆನ್ನಾಗಿರಲಿಲ್ಲ. ಭಾನುಮತಿ ಪೂರ್ತಿ ಕುಡಿದರು.

ಮಾರನೆಯ ದಿನ ಬೆಳಿಗ್ಗೆ ಮಂಗಳಮ್ಮ ಬಂದರು. ಕೂತು, ಸೆರಗು ಸರಿ ಮಾಡಿಕೊಂಡು, ವಿಷಯಕ್ಕೆ ಬಂದರು.

"ಆ ಹಳೇ ಅಧ್ಯಾಯ ಇದ್ಯಲ್ಲ ಭಾನುಮತಿ, ಎಸೀಬೇಡ. ನಿನಗಂತೂ ಬೇಡ. ನನಗೆ ಕೊಟ್ಬಿಡು. ನನ್ನ ಕೇದಾರದಲ್ಲಿ ಅಳು ಸಾಲ್ದು."

"ಕೇದಾರದಲ್ಲಿ ಒಂಟೆ ಎಲ್ಲಿ ಬರತ್ತೆ ಮಂಗಳಮ್ಮ?"

"ಹೇಸರಗತ್ತೆ ಮಾಡ್ಕೋತೀನಿ."

ಭಾನುಮತಿ ಕೊಡಲಿಲ್ಲ. ಆದರೆ ಅವರು ಹೋದ ಮೇಲೆ ಒಬ್ಬರೇ ಕೂತು ನಕ್ಕರು. ಹೊಸ ನೋಟ್‌ಬುಕ್ಕು ಮೇಜಿನ ಮೇಲಿತ್ತು. ಶಾಲ್ಮಲಿ ಹುರಿಗಡಲೆಯೊಂದಿಗೆ ಸಿಕ್ಕಿಬಿದ್ದಲ್ಲಿಗೆ ಕಥೆ ನಿಂತಿತ್ತು. ಮುಂದೆ ಅವಳು ಏನು ಮಾಡಿದಳು? ಕೈ ಹಾಕಿದಳೋ ಇಲ್ಲವೋ? ಹಾಕಿದರೆ ಅದು ಹೇಗಿತ್ತು? ಭಾನುಮತಿಯವರಿಗೆ ಗೊತ್ತಿರಲಿಲ್ಲ. ಅಚ್ಚಾಗಲಿ ಬಿಡಲಿ, ಗೊತ್ತಿಲ್ಲದ್ದನ್ನು ಇನ್ನು ಬರೆಯುವಂತಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕೈಕಾಲು ತೊಳೆದು ಮೆಟ್ಟಿಲು ಹತ್ತಿದರು.

ಅದೇ ತಟ್ಟೆ. ಅಂಗಡಿಯ ಚೀಟಿ ಈಗ ಬಿಟ್ಟಿತ್ತು. ಅದೇ ಅನ್ನ, ಅದೇ ಆಲೂಗಡ್ಡೆ. ಇಲ್ಹಾಮ್ ಏನೋ ಹೇಳುತ್ತ ಬೆರಳಿಂದ ತಟ್ಟೆಯ ಮೇಲೆ ಗಾಳಿಯಲ್ಲೇ ನಾಲ್ಕು ಗೆರೆ ಎಳೆದು ತೋರಿಸಿದಳು.

"ಇದು ನಿಮ್ಮ ಕಡೆ, ಇದು ನನ್ ಕಡೆ, ಅದು ಅಮ್ಮಂದು, ಅದು ಯಾಸಿನ್‌ದು," ಎಂದು ಅರ್ವಾ ಹೇಳಿದಳು. "ಅವ್ರವ್ರು ಅವ್ರವ್ರ ಮುಂದಿಂದ್ ಮಾತ್ರ ತಿನ್ಬೇಕು. ಇನ್ನೊಬ್ರ ಕಡೆ ಕೈ ಆಕೋದು ಬಾಳ ಕೆಟ್ಟ ಬುದ್ದಿ. ನಮ್ಮಜ್ಜಿ ಅಂಗ್ ಮಾಡಿದ್ಕೆ ನಂಗೆ ಒಡ್ದಿದ್ರು."

ಭಾನುಮತಿ ಬಾಯಿ ತೆರೆದು ಕೂತರು. ತಮ್ಮ ಯಜಮಾನರ ಇಲಾಖೆಯಲ್ಲಿ ಹೀಗೆ ಗಡಿ ಗುರುತಿಸುವುದಕ್ಕೆ ಹದ್ದುಬಸ್ತು ಎನ್ನುತ್ತಾರೆ. ತಮ್ಮ ತಾಯಿ ಬದುಕಿದ್ದರೆ ಒಪ್ಪಿಕೊಳ್ಳುತ್ತಿದ್ದರೋ ಏನೋ. "ಇದನ್ನ ಅವತ್ತೇ ಹೇಳಬಾರ್ದಾಗಿತ್ತೇನೇ?"

"ನೀವು ಉಪ್ವಾಸ ಅಂದ್ರಲ್ಲಾ!"

ಅವರು ಕೈ ಹಾಕಿದರು. ಮೊದಲ ತುತ್ತನ್ನು ತಮ್ಮ ಕಡೆಯ ಅಂಚಿನಿಂದ, ಗೋಡೆ ಸಂದಿಯಿಂದ ಹಲ್ಲಿ ತೆಗೆಯುವವರ ಹಾಗೆ ಎರಡೇ ಬೆರಳಲ್ಲಿ ಎತ್ತಿದರು. ಎರಡನೆಯದು ಸ್ವಲ್ಪ ದೊಡ್ಡದಾಯಿತು. ಮೆಂತ್ಯದ ನೊರೆ ನಾಲಿಗೆಗೆ ಕಹಿಯಾಗಿ, ಆಮೇಲೆ ರುಚಿಯಾಗಿ ಹತ್ತಿತು. ಐದನೆಯ ತುತ್ತಿನ ಹೊತ್ತಿಗೆ ಅವರು ಎಂಟನೆಯ ಅಧ್ಯಾಯದ ಮೊದಲ ಸಾಲು ಯೋಚಿಸುತ್ತಿದ್ದರು. ಹುರಿದ ಈರುಳ್ಳಿ ಮೆತ್ತಿದ ಒಂದು ಆಲೂಗಡ್ಡೆ ಬೇರೆಲ್ಲಕ್ಕಿಂತ ಚೆನ್ನಾಗಿ ಕೆಂಪಗಾಗಿತ್ತು. ಅದು ಯಾರ ಕಡೆ ಇದೆ ಎಂದು ನೋಡುವ ಮೊದಲೇ ಕೈ ಹೋಗಿತ್ತು. ಟಪ್ ಎಂದು ಕೈಮೇಲೆ ಒಂದು ಏಟು ಬಿತ್ತು.

"ಬಾನಜ್ಜೀ! ಅದು ನನ್ ಕಡೇದು!"

ಹಿರಿಯರಿಗೆ ಹೊಡೆಯುತ್ತೀಯಾ ಎಂದು ಇಲ್ಹಾಮ್ ಅರಬ್ಬಿಯಲ್ಲಿ ಮಗಳನ್ನು ಗದರತೊಡಗಿದಳು. ತನ್ನದೇನೂ ತಪ್ಪಿಲ್ಲವೆಂದು ಅರ್ವಾ ಅರ್ಧ ಅರಬ್ಬಿ, ಅರ್ಧ ಪುಟ್ಟತಾಯಮ್ಮನ ಕನ್ನಡದಲ್ಲಿ ವಾದಿಸತೊಡಗಿದಳು. ಆಲೂಗಡ್ಡೆ ಆ ಹೊತ್ತಿಗೆ ಭಾನುಮತಿಯವರ ಬಾಯಲ್ಲಿತ್ತು.